ಲಕ್ಕಿ ಸೊಪ್ಪು ನಿಜಕ್ಕೂ ನೋವು ಕಳೆಯುತ್ತದಾ? ಎಲೆ ಕೊಯ್ಯುವುದರಿಂದ ಲೆಕ್ಕ ಹಾಕುವವರೆಗೆ

ತೀರ್ಥಹಳ್ಳಿ ಕಡೆ ಮನೆಯಲ್ಲಿ ಬಾಣಂತಿ ಇದ್ದರೆ ಬಚ್ಚಲ ಹಂಡೆಗೆ ಒಂದು ಹಿಡಿ ಲಕ್ಕಿ ಸೊಪ್ಪು ಬಿದ್ದೇ ಬೀಳುತ್ತದೆ. ನಾಟಿ ಮುಗಿಸಿ ಸೊಂಟ ಹಿಡಿದುಕೊಂಡು ಬಂದವರಿಗೂ ಅದೇ ಸ್ನಾನ. ಪಕ್ಕದ ಮನೆ ಅಜ್ಜಿಯನ್ನು ಒಮ್ಮೆ ಕೇಳಿದೆ: "ಅಜ್ಜೀ, ನೋವು ಹೋಗೋದು ಸೊಪ್ಪಿನಿಂದಲಾ, ಬಿಸಿನೀರಿನಿಂದಲಾ?" ಅಜ್ಜಿ ನಕ್ಕರು. "ಎರಡೂ ಒಟ್ಟಿಗೇ ಹಾಕ್ತೀವಲ್ಲ ಮಾರಾಯ, ಹೆಂಗೆ ಹೇಳೂದು?"

ಅಜ್ಜಿ ಹೇಳಿದ್ದೇ ಸರಿ. ಎರಡನ್ನೂ ಬೇರೆ ಮಾಡಿ ನೋಡುವುದೇ ಪರೀಕ್ಷೆ. ಫಾರ್ಮಸಿ, ಆಯುರ್ವೇದ, ಬಯೋಟೆಕ್ ಓದುವ ಹುಡುಗರು ಪ್ರಾಜೆಕ್ಟಿಗೆ ಯಾವುದಾದರೂ ಎಲೆ ಹಿಡಿದು ಬರುತ್ತಾರೆ. ಯಂತ್ರ ನಡೆಸಲು ಬೇಗ ಕಲಿಯುತ್ತಾರೆ. ಎಡವುವುದು ಮಾತ್ರ ಈ "ಬರೀ ಬಿಸಿನೀರು" ಗುಂಪನ್ನು, ಅಂದರೆ ಸೊಪ್ಪಿಲ್ಲದ ಹೋಲಿಕೆಯ ಗುಂಪನ್ನು, ಇಡುವಲ್ಲಿ. ಅವರಿಗಾಗಿ ಇದನ್ನು ಬರೆದಿದ್ದೇನೆ. ಇದರಲ್ಲಿ ಪ್ರಾಣಿಗಳ ಮೇಲೆ ಮಾಡುವ ಭಾಗ ನೋಂದಣಿ ಇರುವ ಸಂಸ್ಥೆಯಲ್ಲಿ, ತರಬೇತಿ ಇದ್ದವರ ಎದುರೇ ಆಗಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ಗಿಡ ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಲಕ್ಕಿ, ನೆಕ್ಕಿ, ಸಂಸ್ಕೃತದ ನಿರ್ಗುಂಡಿ ಎಲ್ಲವೂ ಒಂದೇ ಗಿಡ: ವೈಟೆಕ್ಸ್ ನೆಗುಂಡೊ. ಒಂದು ತೊಟ್ಟಿಗೆ ಐದು ಎಲೆ, ಕೆಲವು ಕಡೆ ಮೂರು. ಮೇಲೆ ಹಸಿರು, ಅಡಿ ಬೂದಿ ಬಣ್ಣ. ತಿಳಿ ನೇರಳೆ ಹೂವು. ಕೈಯಲ್ಲಿ ಹಿಸುಕಿದರೆ ಘಾಟು ವಾಸನೆ. ಆದರೆ "ಕರಿನೆಕ್ಕಿ ತಂದೆ ಸಾರ್" ಅಂತ ಯಾರಾದರೂ ಕೊಟ್ಟರೆ ಹುಷಾರು. ಕರಿನೆಕ್ಕಿ ಆಡುಸೋಗೆಯ ಸಂಬಂಧಿ, ಕುಟುಂಬವೇ ಬೇರೆ. ಹೆಸರು ನಂಬಿ ಹೊರಟರೆ ಆರು ತಿಂಗಳ ಕೆಲಸ ಬೇರೆ ಗಿಡದ್ದಾಗುತ್ತದೆ.

ಹಾಗಾಗಿ ಹೂವು ಇರುವ ಒಂದು ಕೊಂಬೆ ಕತ್ತರಿಸಿ. ಪೇಪರ್ ನಡುವೆ ಇಟ್ಟು ಒತ್ತಿ ಒಣಗಿಸಿ. ಕೊಯ್ದ ಊರು, ದಿನಾಂಕ, ಯಾರು ಕೊಯ್ದರು ಅಂತ ಚೀಟಿ ಅಂಟಿಸಿ, ಸಸ್ಯಶಾಸ್ತ್ರ ವಿಭಾಗಕ್ಕೆ ಕೊಡಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಶಿವಮೊಗ್ಗ ಜಿಲ್ಲೆಯವರಿಗೆ ಹತ್ತಿರ. ಗಿಡ ಗುರುತಿಸಿದವರ ಸಹಿ ಮತ್ತು ನಮೂನೆಯ ನಂಬರ್ ನಿಮ್ಮ ವರದಿಯ ಮೊದಲ ಪುಟದಲ್ಲೇ ಬರಬೇಕು.

ಎಲ್ಲಿ ಕೊಯ್ಯಬೇಕು? ಲಕ್ಕಿ ಹಳ್ಳದ ದಂಡೆಯಲ್ಲಿ, ಬೇಲಿಯಲ್ಲಿ ಬೇಕಾದಷ್ಟಿದೆ. ಕಾಡಿಗೆ ಹೋಗುವ ಅಗತ್ಯವೇ ಇಲ್ಲ. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಭದ್ರಾ ಅಭಯಾರಣ್ಯಗಳ ಒಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಎಲೆಯನ್ನೂ ಮುಟ್ಟಬೇಡಿ. ಬೇಲಿಯದ್ದಾದರೂ ತೋಟದವರನ್ನು ಕೇಳಿಯೇ ಕೊಯ್ಯಿರಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಒಂದು ಪತ್ರ ಕೊಟ್ಟಿಡಿ.

ಮಲೆನಾಡಿನವರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಅಡಿಕೆ ತೋಟದ ಬೇಲಿಯ ಲಕ್ಕಿ ಬೇಡ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಮೈಲುತುತ್ತ, ಸುಣ್ಣ ಎರಡೂ ಗಾಳಿಗೆ ಹಾರಿ ಬೇಲಿ ಮೇಲೂ ಕೂರುತ್ತವೆ. ಆಮೇಲೆ ನೀವು ಅಳೆಯುವುದು ಎಲೆಯನ್ನೋ, ತಾಮ್ರವನ್ನೋ? ತೋಟದಿಂದ ದೂರದ ಗಿಡವನ್ನೇ ಹುಡುಕಿ.

ಒಣಗಿಸುವುದೇ ಅರ್ಧ ಕೆಲಸ

ನಾನು ಮೊದಲ ಸಲ ಎಲೆ ಕೊಯ್ದಿದ್ದು ಜುಲೈನಲ್ಲಿ. ಆಗುಂಬೆ ಕಡೆಯ ಮಳೆ ಗೊತ್ತಲ್ವಾ, ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹರಡಿದೆ. ನಾಲ್ಕನೇ ದಿನ ನೋಡಿದರೆ ಮೇಲಿನ ಪದರಕ್ಕೆ ಹೊಗೆ ವಾಸನೆ, ಅಡಿಗೆ ಬಿಳಿ ಬೂಷ್ಟು. ಅಷ್ಟೂ ಗೊಬ್ಬರದ ಗುಂಡಿಗೆ ಹೋಯಿತು. ಹೊಗೆಯಲ್ಲೂ ಬೂಷ್ಟಿನಲ್ಲೂ ಅವುಗಳದ್ದೇ ರಾಸಾಯನಿಕ ಇರುತ್ತದೆ. ಅದನ್ನು ಎಲೆಯಿಂದ ತೆಗೆದ ಸಾರದಿಂದ ಆಮೇಲೆ ಬೇರೆ ಮಾಡಲು ಆಗುವುದಿಲ್ಲ.

ಹಾಗಾಗಿ ಕೊಯ್ಲು ನವೆಂಬರ್‌ನಿಂದ ಫೆಬ್ರವರಿ ಒಳಗೆ ಇರಲಿ. ಇಬ್ಬನಿ ಆರಿದ ಮೇಲೆ ಬಲಿತ ಎಲೆ ಬಿಡಿಸಿ. ಹುಳ ತಿಂದದ್ದು, ಹಳದಿಯಾದದ್ದು ತೆಗೆದುಹಾಕಿ. ತೊಳೆದು, ಬಟ್ಟೆಯ ಮೇಲೆ ಒಂದೇ ಪದರದಲ್ಲಿ ಹರಡಿ ನೆರಳಲ್ಲಿ ಒಣಗಿಸಿ. ಬಿಸಿಲು ಬೇಡ. ಓವನ್ ಇಟ್ಟರೆ 40 ಡಿಗ್ರಿ ಸೆಲ್ಸಿಯಸ್ ದಾಟಿಸಬೇಡಿ. ಮುರಿದರೆ ಚಟ್ ಅನ್ನಬೇಕು, ಸತತ ಎರಡು ದಿನ ತೂಗಿದರೂ ತೂಕ ಅಷ್ಟೇ ಇರಬೇಕು. ಆಗ ಒಣಗಿದೆ ಅಂತ ಲೆಕ್ಕ. ಆಮೇಲೆ ಮಿಕ್ಸಿಯಲ್ಲಿ ಹಾಕಿ ತರಿ ಪುಡಿ ಮಾಡಿ, 40ನೇ ನಂಬರ್ ಜರಡಿ ಹಿಡಿಯಿರಿ. ತೀರಾ ನುಣ್ಣಗಾದರೆ, ದ್ರಾವಕ ಮತ್ತೆ ಮತ್ತೆ ಹಾಯಿಸಿ ಸಾರ ತೆಗೆಯುವ ಗಾಜಿನ ಉಪಕರಣ ಸಾಕ್ಸ್‌ಲೆಟ್‌ನಲ್ಲಿ ಕಟ್ಟಿಕೊಳ್ಳುತ್ತದೆ.

ಎಷ್ಟು ಪುಡಿ ಬೇಕು? ಹೆದರಬೇಡಿ, ಲೆಕ್ಕ ಹಾಕಿ. ಪರೀಕ್ಷೆಗೆ ಬಳಸುವ ಇಲಿಯ ತೂಕ ಸುಮಾರು 200 ಗ್ರಾಂ. ಒಂದು ಗುಂಪಿಗೆ ಆರು. ಕೆ.ಜಿ.ಗೆ 100, 200, 400 ಮಿ.ಗ್ರಾಂ ಅಂತ ಮೂರು ಡೋಸ್ ಒಂದು ಸಲ ಕೊಟ್ಟರೆ ಒಟ್ಟು 840 ಮಿ.ಗ್ರಾಂ ಸಾರ. ವಿಷ ಪರೀಕ್ಷೆಗೆ ಎರಡೂವರೆ ಗ್ರಾಂ. ಉಳಿದ ಪರೀಕ್ಷೆ, ಚೆಲ್ಲಿದ್ದು, ಕೆಟ್ಟದ್ದು ಎಲ್ಲ ಸೇರಿದರೂ 15 ಗ್ರಾಂ ಸಾರ ಸಾಕು. ನೂರಕ್ಕೆ ಹತ್ತು ಗ್ರಾಂ ಸಾರ ಬಂತು ಅಂದುಕೊಂಡರೆ 150 ಗ್ರಾಂ ಪುಡಿ. ಅರ್ಧ ಕೆ.ಜಿ. ಒಂದೇ ಸಲ ಮಾಡಿಟ್ಟುಕೊಂಡರೆ ನೆಮ್ಮದಿ. ಒಂದು ಕೊಯ್ಲಿನ ಎಲೆ ಇನ್ನೊಂದರಂತೆ ಇರುವುದಿಲ್ಲ. ಹಾಗಾಗಿ ಇಡೀ ಕೆಲಸ ಒಂದೇ ಕೊಯ್ಲಿನಲ್ಲಿ ಮುಗಿಯಬೇಕು.

ಸಾರ ತೆಗೆಯುವುದು

ಮಾಮೂಲಿ ದಾರಿ ಹೀಗೆ. 50 ಗ್ರಾಂ ಪುಡಿಯನ್ನು ಸಾಕ್ಸ್‌ಲೆಟ್‌ನಲ್ಲಿ ತುಂಬಿ, ಮೊದಲು ಪೆಟ್ರೋಲಿಯಂ ಈಥರ್ ಹಾಯಿಸಿ ಮೇಣ, ಜಿಡ್ಡು ತೆಗೆಯುತ್ತಾರೆ. ಪುಡಿ ಪೂರ್ತಿ ಆರಿದ ಮೇಲೆ ಎಥನಾಲ್ ಹಾಯಿಸುತ್ತಾರೆ. ಸೈಫನ್ ನಳಿಕೆಯಲ್ಲಿ ಇಳಿಯುವ ದ್ರವ ಬಣ್ಣ ಕಳೆದುಕೊಳ್ಳುವವರೆಗೆ ಓಡಬೇಕು. ಒಂದು ದಿನವೇ ಹಿಡಿಯಬಹುದು. ಹತ್ತಿರ ಬೆಂಕಿ ಇರಬಾರದು, ಹೀಟಿಂಗ್ ಮ್ಯಾಂಟಲ್ ಮಾತ್ರ. ಕರೆಂಟ್ ಹೋಗಿ ಬಂದರೆ ಫ್ಲಾಸ್ಕಿಗೆ ಹೊಸ ಪಿಂಗಾಣಿ ಚೂರು ಹಾಕಿಯೇ ಮತ್ತೆ ಬಿಸಿ ಮಾಡಿ, ಇಲ್ಲದಿದ್ದರೆ ದ್ರವ ಒಮ್ಮೆಲೇ ಉಕ್ಕಿ ಎಗರುತ್ತದೆ. ಆಮೇಲೆ ರೋಟರಿ ಇವ್ಯಾಪೊರೇಟರ್‌ನಲ್ಲಿ ಎಥನಾಲ್ ಹಾರಿಸಿ. ಉಳಿಯುವುದು ಕಡು ಹಸಿರಿನ, ಜೋನಿ ಬೆಲ್ಲದಂಥ ಅಂಟು. ಅದನ್ನು ತೂಗಿ, ಹಾಕಿದ ಪುಡಿಯ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಇಳುವರಿ ಸಿಗುತ್ತದೆ. ಗಾಳಿಯಾಡದ ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಡಿ.

ಆದರೆ ಒಂದು ತಕರಾರು ಇದೆ. ಅಜ್ಜಿ ಎಥನಾಲ್ ಬಳಸುವುದಿಲ್ಲ ಅಲ್ವಾ? ಹಸಿ ಎಲೆ, ಕುದಿಯುವ ನೀರು. ಲಕ್ಕಿಯ ಘಾಟು ವಾಸನೆಗೆ ಕಾರಣವಾದ ಎಣ್ಣೆ ಹಬೆಯ ಜೊತೆ ಹಾರುವಂಥದ್ದು. ಒಣಗಿಸಿ, ಗಂಟೆಗಟ್ಟಲೆ ಬೇಯಿಸಿದರೆ ಅದರ ಬಹುಪಾಲು ಹೋಗಿರುತ್ತದೆ. ಹಾಗಾಗಿ ನೀರಿನ ಕಷಾಯವನ್ನೂ ಬೇರೆಯಾಗಿ ಮಾಡಿ ಒಣಗಿಸಿ ಪರೀಕ್ಷಿಸಿ ಅನ್ನುವುದು ನನ್ನ ವಾದ. ಶ್ರೀಲಂಕಾದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಹಸಿ ಎಲೆಯ ನೀರಿನ ಸಾರವನ್ನೇ ಇಲಿಗಳಿಗೆ ಕೊಟ್ಟು ನೋಡಿದ್ದರು. ಅದರಲ್ಲಿ ನೋವು, ಊತ ಎರಡೂ ಇಳಿದಿದ್ದವು.

ಸಾರದಲ್ಲಿ ಏನಿದೆ ಅಂತ ಸ್ಥೂಲವಾಗಿ ನೋಡಲು ಟೆಸ್ಟ್ ಟ್ಯೂಬ್ ಪರೀಕ್ಷೆಗಳಿವೆ. ಆಲ್ಕಲಾಯ್ಡಿಗೆ ಮೇಯರ್ ಮತ್ತು ಡ್ರಾಗೆನ್‌ಡಾರ್ಫ್, ಫ್ಲೇವನಾಯ್ಡಿಗೆ ಶಿನೋಡಾ, ಫೀನಾಲಿಗೆ ಫೆರಿಕ್ ಕ್ಲೋರೈಡ್, ಸ್ಯಾಪೊನಿನ್‌ಗೆ ಸುಮ್ನೆ ಅಲುಗಾಡಿಸಿ ನೊರೆ ನೋಡುವುದು. ಒಂದು ಮಧ್ಯಾಹ್ನದ ಕೆಲಸ. ಲಕ್ಕಿಯಲ್ಲಿ ಕ್ಯಾಸ್ಟಿಸಿನ್ ಅನ್ನುವ ಫ್ಲೇವನಾಯ್ಡ್, ನೆಗುಂಡೋಸೈಡ್, ಅಗ್ನುಸೈಡ್ ಇವೆ ಅಂತ ಮೊದಲೇ ಗೊತ್ತಿದೆ.

ಪ್ರಾಣಿ ಬೇಡದ ಪರೀಕ್ಷೆ ಮೊದಲು

ಡಿಗ್ರಿ ಮಕ್ಕಳು ಇಲ್ಲಿಗೇ ನಿಲ್ಲಿಸಬಹುದು. ಕೋಳಿ ಮೊಟ್ಟೆಯ ಬಿಳಿಭಾಗ 0.2 ಮಿ.ಲೀ., ಪಿಎಚ್ 6.4ರ ಫಾಸ್ಫೇಟ್ ಬಫರ್ 2.8 ಮಿ.ಲೀ., ಬೇರೆ ಬೇರೆ ಸಾಂದ್ರತೆಯ ಸಾರ 2 ಮಿ.ಲೀ. ಸೇರಿಸಿ. 37 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 70 ಡಿಗ್ರಿಯಲ್ಲಿ 5 ನಿಮಿಷ ಇಡಿ. ಪ್ರೋಟೀನ್ ಕೆಟ್ಟಷ್ಟೂ ದ್ರವ ಕದಡುತ್ತದೆ. ತಣಿದ ಮೇಲೆ ಸ್ಪೆಕ್ಟ್ರೊಫೋಟೊಮೀಟರ್‌ನಲ್ಲಿ, 660 ನ್ಯಾನೊಮೀಟರ್ ಬೆಳಕಿನಲ್ಲಿ, ಕದಡು ಎಷ್ಟು ಅಂತ ಓದಿ. ಸಾರ ಈ ಕದಡುವಿಕೆಯನ್ನು ಎಷ್ಟು ತಡೆಯಿತು ಅನ್ನುವುದೇ ಉತ್ತರ. ನೋವು, ಊತಕ್ಕೆ ಕೊಡುವ ಔಷಧಿ ಡೈಕ್ಲೊಫೆನಾಕ್ ಹಾಕಿದ್ದು ಹೋಲಿಕೆಗೆ.

ಇಲ್ಲೂ ಬಿಸಿನೀರಿನ ಪ್ರಶ್ನೆ ಇದೆ. ಹಸಿರು ಸಾರಕ್ಕೆ ತನ್ನದೇ ಬಣ್ಣ ಇರುತ್ತದೆ. ಮೊಟ್ಟೆ ಇಲ್ಲದೆ ಬರೀ ಸಾರ ಮತ್ತು ಬಫರ್ ಇರುವ ಟ್ಯೂಬ್ ಇಟ್ಟು ಆ ಓದನ್ನು ಕಳೆಯದಿದ್ದರೆ ನೀವು ಬಣ್ಣವನ್ನೇ ಅಳೆದಂತೆ. ಇನ್ನೊಂದು ಮಾತು: ಮೊಟ್ಟೆ ಕೆಡದಂತೆ ತಡೆದರೆ ಅದು ಔಷಧಿ ಅಂತ ಆಗಲಿಲ್ಲ. ಮುಂದೆ ಹೋಗಲು ಒಂದು ಸುಳಿವು, ಅಷ್ಟೇ.

ಅನುಮತಿ ಮತ್ತು ಸುರಕ್ಷತೆ

ಪ್ರಾಣಿ ಪರೀಕ್ಷೆಗೆ ಕಾಲೇಜಿಗೆ, ಇಂಥ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿಯಾದ ಸಿಸಿಎಸ್‌ಇಎ ನೋಂದಣಿ ಬೇಕು. ಹಿಂದೆ ಇದನ್ನೇ ಸಿಪಿಸಿಎಸ್‌ಇಎ ಅನ್ನುತ್ತಿದ್ದರು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ನಿಮ್ಮ ಅರ್ಜಿ (ಫಾರ್ಮ್ ಬಿ) ನೋಡಿ ಒಪ್ಪಿದ ಮೇಲೆಯೇ ಒಂದು ಇಲಿಯನ್ನಾದರೂ ಮುಟ್ಟಬಹುದು. ಇಷ್ಟು ಪ್ರಾಣಿ ಯಾಕೆ, ಕಡಿಮೆ ಮಾಡಲು ಆಗದಾ, ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಕಿರಿಕಿರಿ ಅನ್ನಿಸಬಹುದು. ಆದರೆ ಆ ಪ್ರಶ್ನೆಗಳಿಗೆ ಉತ್ತರ ಬರೆಯುವಾಗಲೇ ನಿಮ್ಮ ಯೋಜನೆಯ ತೂತುಗಳು ಕಾಣುತ್ತವೆ.

ಮೊದಲು ವಿಷ ಪರೀಕ್ಷೆ. ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 423ನೇ ಮಾರ್ಗಸೂಚಿ ಪ್ರಕಾರ ಮೂರು ಹೆಣ್ಣು ಇಲಿಗಳಿಗೆ ಕೆ.ಜಿ.ಗೆ 2000 ಮಿ.ಗ್ರಾಂ. ಏನೂ ಆಗದಿದ್ದರೆ ಇನ್ನು ಮೂರಕ್ಕೆ ಅಷ್ಟೇ. 14 ದಿನ ನೋಡಬೇಕು. ವಿಷ ಅನ್ನುವ ಅನುಮಾನ ಇದ್ದರೆ 300 ಅಥವಾ ಅದಕ್ಕಿಂತ ಕಡಿಮೆಯಿಂದ ಶುರು ಮಾಡಿ. 2000ದಲ್ಲಿ ತೊಂದರೆ ಕಾಣದಿದ್ದರೆ ಮುಂದಿನ ಪರೀಕ್ಷೆಗೆ 100, 200, 400 ಅಂತ ಇಟ್ಟುಕೊಳ್ಳುವುದು ರೂಢಿ.

ಐದು ಗುಂಪು, ಒಂದೇ ಅಳತೆ

ಒಂದನೆಯದು ಬರೀ ಬಿಸಿನೀರಿನ ಗುಂಪು. ಲ್ಯಾಬಿನ ಭಾಷೆಯಲ್ಲಿ ವೆಹಿಕಲ್ ಕಂಟ್ರೋಲ್. ಸಾರವನ್ನು ಕಲಸಲು ಬಳಸುವ ಶೇ. 0.5ರ ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಅನ್ನುವ ಅಂಟುಪುಡಿ) ದ್ರವವನ್ನು ಮಾತ್ರ ಇವಕ್ಕೆ ಕೊಡಬೇಕು. ಎರಡನೆಯದಕ್ಕೆ ಗೊತ್ತಿರುವ ಔಷಧಿ, ಕೆ.ಜಿ.ಗೆ 10 ಮಿ.ಗ್ರಾಂ ಡೈಕ್ಲೊಫೆನಾಕ್. ಉಳಿದ ಮೂರಕ್ಕೆ ಸಾರದ ಮೂರು ಡೋಸ್.

ಡೋಸ್ ಬದಲಾದರೂ ಕುಡಿಸುವ ದ್ರವದ ಪ್ರಮಾಣ ಬದಲಾಗಬಾರದು. ಕೆ.ಜಿ.ಗೆ 10 ಮಿ.ಲೀ. ಅಂತ ಇಟ್ಟುಕೊಳ್ಳಿ. 180 ಗ್ರಾಂ ಇಲಿಗೆ ಯಾವಾಗಲೂ 1.8 ಮಿ.ಲೀ. ಕೆ.ಜಿ.ಗೆ 200 ಮಿ.ಗ್ರಾಂ ಡೋಸ್ ಅಂದರೆ ಆ ಇಲಿಗೆ 36 ಮಿ.ಗ್ರಾಂ. ಹಾಗಾದರೆ ಮಿ.ಲೀ.ಗೆ 20 ಮಿ.ಗ್ರಾಂ ಇರುವ ದ್ರವ ಮಾಡಿಟ್ಟುಕೊಳ್ಳಬೇಕು. 100ಕ್ಕೆ 10, 400ಕ್ಕೆ 40. ಹೊಟ್ಟೆ ತುಂಬಿದ್ದರಿಂದಲೇ ವ್ಯತ್ಯಾಸ ಬಂತು ಅಂತ ಆಮೇಲೆ ಯಾರೂ ಹೇಳುವ ಹಾಗಿಲ್ಲ.

ಯಾವ ಇಲಿ ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿ ಆಗಲಿ. ಕೈಗೆ ಮೊದಲು ಸಿಕ್ಕಿದವನ್ನೆಲ್ಲ ಒಂದನೇ ಗುಂಪಿಗೆ ಹಾಕಿದರೆ ಅದು ಪೂರ್ತಿ ಮಂದ ಇಲಿಗಳ ಗುಂಪಾಗುತ್ತದೆ. ಇನ್ನು ಕುಡಿಸುವವರು ಬೇರೆ, ಅಳೆಯುವವರು ಬೇರೆ ಇರಲಿ. ಪಂಜರದ ಮೇಲೆ ಅ, ಆ, ಇ ಅಂತ ಮಾತ್ರ ಬರೆಯಿರಿ. ಯಾವುದು ಏನು ಅನ್ನುವ ಚೀಟಿ ಮೂರನೆಯವರ ಜೇಬಿನಲ್ಲಿ ಇರಲಿ.

ಊತದ ಪರೀಕ್ಷೆ

1962ರಿಂದ ಎಲ್ಲರೂ ಮಾಡುವ ಪರೀಕ್ಷೆ ಇದು. ಕೆಂಪು ಸಮುದ್ರ ಪಾಚಿಯಿಂದ ತೆಗೆಯುವ ಕ್ಯಾರಜೀನನ್ ಅನ್ನುವ ಪದಾರ್ಥವನ್ನು ಇಲಿಯ ಹಿಂಗಾಲಿನ ಅಂಗಾಲಿಗೆ ಚುಚ್ಚುತ್ತಾರೆ. ಶೇ. 1ರ ದ್ರವ, 0.1 ಮಿ.ಲೀ. ಕಾಲು ಊದುತ್ತದೆ. ಪ್ಲೆತಿಸ್ಮೊಮೀಟರ್ ಅನ್ನುವ ಉಪಕರಣದ ದ್ರವದಲ್ಲಿ ಕಾಲು ಅದ್ದಿ, ಎಷ್ಟು ದ್ರವ ಪಕ್ಕಕ್ಕೆ ಸರಿಯಿತು ಅಂತ ಓದಿದರೆ ಕಾಲಿನ ಗಾತ್ರ ಮಿ.ಲೀ.ನಲ್ಲಿ ಸಿಗುತ್ತದೆ.

ರಾತ್ರಿ ಊಟ ಬಿಡಿಸಿ, ನೀರು ಬಿಡಿಸಬೇಡಿ. ಬೆಳಿಗ್ಗೆ ಕಾಲಿನ ಮೊದಲ ಅಳತೆ. ಆಮೇಲೆ ಸಾರ ಕುಡಿಸಿ. ಒಂದು ಗಂಟೆ ಬಿಟ್ಟು ಚುಚ್ಚಿ. ಅಲ್ಲಿಂದ 1, 2, 3, 4, 5ನೇ ಗಂಟೆಗೆ ಅಳೆಯಿರಿ. ಮೂವತ್ತು ಇಲಿಗೆ ಒಟ್ಟಿಗೇ ಚುಚ್ಚಿದರೆ ಸಮಯ ಹಿಡಿಯಲಾಗದು, ಎರಡೆರಡು ನಿಮಿಷ ಬಿಟ್ಟು ಸಾಲಾಗಿ ಮಾಡಿ. ಎಲ್ಲ ಗುಂಪಿನವೂ ಆ ಸಾಲಿನಲ್ಲಿ ಕಲೆತಿರಲಿ.

ಕಾಲು ಎಲ್ಲಿಯವರೆಗೆ ಅದ್ದಬೇಕು ಅನ್ನುವುದರಲ್ಲಿ ನಾನು ಮೋಸ ಹೋಗಿದ್ದೆ. ಪಾದದ ಗಂಟಿನ ಹತ್ತಿರ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದಿದ್ದೆ. ಎರಡನೇ ಗಂಟೆಗೆ ಇಲಿಗಳು ನೆಕ್ಕಿ ನೆಕ್ಕಿ ಅರ್ಧ ಗೆರೆ ಅಳಿಸಿದ್ದವು. ಅಂದಾಜಿನಲ್ಲಿ ಅದ್ದಿದೆ. ಮೂರನೇ ಗಂಟೆಯ ಊತ ಎರಡನೆಯದಕ್ಕಿಂತ ಕಡಿಮೆ, ನಾಲ್ಕನೆಯದು ಮತ್ತೆ ಜಾಸ್ತಿ! ಔಷಧಿ ಹಾಗೆಲ್ಲ ಹತ್ತಿ ಇಳಿಯುವುದಿಲ್ಲ, ನನ್ನ ಕೈ ಹತ್ತಿ ಇಳಿದಿತ್ತು. ಅಳಿಸದ ಶಾಯಿ ಬಳಸಿ, ಪ್ರತಿ ಅಳತೆಗೆ ಮೊದಲು ಗೆರೆ ನೋಡಿ, ಒಂದೊಂದು ಕಾಲನ್ನೂ ಎರಡು ಸಲ ಅದ್ದಿ ಸರಾಸರಿ ಬರೆಯಿರಿ.

ಲೆಕ್ಕದಲ್ಲಿ ಎಲ್ಲರೂ ಜಾರುವ ಜಾಗ ಒಂದಿದೆ. ಉದಾಹರಣೆಗೆ, ಮೂರನೇ ಗಂಟೆಗೆ ಬರೀ ಸಿಎಂಸಿ ಗುಂಪಿನ ಕಾಲು 0.80ರಿಂದ 1.50ಕ್ಕೆ ಏರಿತು ಅನ್ನಿ. ಏರಿಕೆ 0.70. ಸಾರ ಕುಡಿದವು 0.82ರಿಂದ 1.22ಕ್ಕೆ ಏರಿದವು. ಏರಿಕೆ 0.40. ತಡೆದದ್ದು 0.30. ಅದನ್ನು 0.70ರಿಂದ ಭಾಗಿಸಿದರೆ ಶೇ. 43. ಕೆಲವರು 1.50 ಮತ್ತು 1.22 ಹಿಡಿದು ಭಾಗಿಸಿ ಶೇ. 19 ಅಂತ ಬರೆಯುತ್ತಾರೆ. ಊದದ ಕಾಲೂ ಲೆಕ್ಕಕ್ಕೆ ಸೇರಿಹೋಯಿತು, ನೋಡಿ. ಏರಿಕೆಯನ್ನೇ ಹಿಡಿಯಬೇಕು.

ಗಂಟೆಗಂಟೆಗೆ ಅಳೆಯುವುದು ಸುಮ್ನೆ ಅಲ್ಲ. ಮೊದಲ ಒಂದೂವರೆ ಗಂಟೆ ಊತಕ್ಕೆ ಹಿಸ್ಟಮೀನ್, ಸೆರೊಟೋನಿನ್ ಅನ್ನುವ ದೇಹದ್ದೇ ರಾಸಾಯನಿಕಗಳು ಮುಖ್ಯ ಕಾರಣ. ಸುಮಾರು ಮೂರನೇ ಗಂಟೆಯ ಹೊತ್ತಿಗೆ ಪ್ರೊಸ್ಟಾಗ್ಲಾಂಡಿನ್ ಅನ್ನುವ ಇನ್ನೊಂದು ಮುಂದೆ ಬರುತ್ತದೆ. ಆಸ್ಪಿರಿನ್ ಈ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತದೆ ಅಂತ ಬ್ರಿಟನ್ನಿನ ವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮ ಸಾರ ಮೂರನೇ ಗಂಟೆಯ ನಂತರ ಕೆಲಸ ಮಾಡಿದರೆ ಡೈಕ್ಲೊಫೆನಾಕ್ ದಾರಿಯಲ್ಲೇ ಇರಬಹುದು ಅಂತ ಅನುಮಾನಿಸಬಹುದು.

ನೋವಿನ ಪರೀಕ್ಷೆ, ಎರಡು ಬಗೆ

ಒಂದು ಹಾಟ್ ಪ್ಲೇಟ್. ಚಿಟ್ಟಿಲಿಯನ್ನು 55 ಡಿಗ್ರಿ ಸೆಲ್ಸಿಯಸ್ ತಟ್ಟೆಯ ಮೇಲೆ ಬಿಟ್ಟು, ಕಾಲು ನೆಕ್ಕುವ ಅಥವಾ ನೆಗೆಯುವವರೆಗಿನ ಸೆಕೆಂಡು ಎಣಿಸುವುದು. 15 ಸೆಕೆಂಡ್ ಆದರೆ ಏನೂ ಮಾಡದಿದ್ದರೂ ತೆಗೆಯಲೇಬೇಕು, ಇಲ್ಲದಿದ್ದರೆ ಕಾಲು ಸುಡುತ್ತದೆ. ಮೊದಲು 4 ಸೆಕೆಂಡ್ ಇದ್ದದ್ದು ಸಾರದ ನಂತರ 9.5 ಆಯಿತು ಅನ್ನಿ. ಹೆಚ್ಚಿದ್ದು 5.5, ಹೆಚ್ಚಬಹುದಾಗಿದ್ದು 11. ಅಲ್ಲಿಗೆ ಶೇ. 50. ಪದೇ ಪದೇ ಬಿಟ್ಟರೆ ಚಿಟ್ಟಿಲಿ ತಟ್ಟೆ ಕಂಡೊಡನೆ ನೆಗೆಯಲು ಕಲಿಯುತ್ತದೆ. ಅರ್ಧ ಗಂಟೆಗೊಮ್ಮೆ, ಎರಡು ಗಂಟೆಯವರೆಗೆ ಸಾಕು. ಈ ಪರೀಕ್ಷೆಗೆ ಹೋಲಿಕೆಯ ಔಷಧಿ ಮೆದುಳಿನ ಮಟ್ಟದಲ್ಲಿ ಕೆಲಸ ಮಾಡುವ ಟ್ರಮಡಾಲ್‌ನಂಥದ್ದು ಇರಬೇಕು, ಡೈಕ್ಲೊಫೆನಾಕ್ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಇನ್ನೊಂದು ಅಸಿಟಿಕ್ ಆಮ್ಲದ ಪರೀಕ್ಷೆ. ಶೇ. 0.6ರ ದ್ರವವನ್ನು ಕೆ.ಜಿ.ಗೆ 10 ಮಿ.ಲೀ. ಲೆಕ್ಕದಲ್ಲಿ ಹೊಟ್ಟೆಯೊಳಕ್ಕೆ ಕೊಟ್ಟರೆ ಚಿಟ್ಟಿಲಿ ಮೈ ಎಳೆದು, ಹಿಂಗಾಲು ಚಾಚುತ್ತದೆ. ಐದು ನಿಮಿಷ ಬಿಟ್ಟು, ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಲ ಅಂತ ಎಣಿಸಬೇಕು. ನೋಡಲು ಕಷ್ಟ ಆಗುವ ಪರೀಕ್ಷೆ. ಬೇಕಾದಷ್ಟೇ ಪ್ರಾಣಿಗಳಲ್ಲಿ, ಒಂದೇ ಸಲ ಮಾಡಿ, ಎಣಿಕೆ ಮುಗಿದ ತಕ್ಷಣ ಸಮಿತಿ ಒಪ್ಪಿದ ರೀತಿಯಲ್ಲಿ ಮುಗಿಸಿ. ಇದರಲ್ಲಿ ಮಾತ್ರ ಗುಣ ಕಂಡು ಹಾಟ್ ಪ್ಲೇಟ್‌ನಲ್ಲಿ ಕಾಣದಿದ್ದರೆ, ಸಾರ ನೋವಿನ ಜಾಗದಲ್ಲೇ ಕೆಲಸ ಮಾಡುತ್ತಿದೆ, ಮೆದುಳು, ಬೆನ್ನುಹುರಿಯಲ್ಲಿ ಅಲ್ಲ ಅಂತ ಊಹಿಸಬಹುದು.

ಹುಡುಗರು ಬಿಡುವ ಪರೀಕ್ಷೆ ರೋಟರಾಡ್. ಸಾರ ಕುಡಿದ ಚಿಟ್ಟಿಲಿ ನೆಗೆಯಲಿಲ್ಲ. ನೋವಾಗಲಿಲ್ಲವೋ, ತೂಕಡಿಕೆ ಬಂದು ನೆಗೆಯಲು ಆಗಲಿಲ್ಲವೋ? ಮತ್ತೆ ಸೊಪ್ಪು, ಬಿಸಿನೀರಿನ ಕಥೆಯೇ. ತಿರುಗುವ ಕೋಲಿನ ಮೇಲೆ ಬಿಟ್ಟು ನೋಡಿ. ಸಿಎಂಸಿ ಕುಡಿದವುಗಳಷ್ಟೇ ಹೊತ್ತು ನಿಂತರೆ ಸರಿ. ಬೇಗ ಬಿದ್ದರೆ ನಿಮ್ಮ ಶೇ. 50ಕ್ಕೆ ಬೆಲೆ ಇಲ್ಲ.

ಅಂಕಿಗಳ ಕಡೆಗೆ

ಪ್ರತಿ ಗುಂಪಿನ ಸರಾಸರಿಯನ್ನು ಸಿಎಂಸಿ ಗುಂಪಿನ ಜೊತೆ ಒಂದೊಂದಾಗಿ ಟಿ-ಟೆಸ್ಟ್ ಮಾಡಬೇಡಿ. ಒಂದು ಹೋಲಿಕೆಯಲ್ಲಿ ಆಕಸ್ಮಿಕವಾಗಿ ವ್ಯತ್ಯಾಸ ಕಾಣುವ ಸಾಧ್ಯತೆ ಶೇ. 5. ನಾಲ್ಕು ಹೋಲಿಕೆ ಮಾಡಿದರೆ ಎಲ್ಲೋ ಒಂದು ಕಡೆ ಕಾಣುವುದು ಸುಮಾರು ಶೇ. 18.5ರವರೆಗೂ ಹೋಗಬಹುದು. ಅದಕ್ಕೇ ಎಲ್ಲ ಗುಂಪನ್ನೂ ಒಟ್ಟಿಗೇ ಹೋಲಿಸುವ ಅನೋವಾ ಮಾಡಿ, ಆಮೇಲೆ ಪ್ರತಿ ಗುಂಪನ್ನೂ ಸಿಎಂಸಿ ಗುಂಪಿನ ಜೊತೆ ಹೋಲಿಸುವ ಡನ್ನೆಟ್ ಪರೀಕ್ಷೆ. ಒಂದೇ ಇಲಿಯನ್ನು ಐದು ಸಲ ಅಳೆದರೆ ಅದು ಐದು ಇಲಿ ಆಗುವುದಿಲ್ಲ, ಸಂಖ್ಯೆ ಆರೇ. ಸತ್ತ ಇಲಿ, ಬಿಟ್ಟ ಓದು, ಕೆಟ್ಟ ದಿನ ಎಲ್ಲವನ್ನೂ ವರದಿಯಲ್ಲಿ ಬರೆಯಿರಿ. ಯಾವುದು ಅ, ಯಾವುದು ಆ ಅನ್ನುವ ಚೀಟಿಯನ್ನು ಲೆಕ್ಕ ಮುಗಿದ ಮೇಲೆ ಬಿಚ್ಚಿ.

ಒಳ್ಳೆಯ ಉತ್ತರ ಬಂದರೆ ಊರಲ್ಲಿ ಮೊದಲು ಕೇಳುವುದು, "ಎಷ್ಟು ಕುಡೀಬೇಕು?" ಅಂತ. ಇಲಿಗೆ ಕೆ.ಜಿ.ಗೆ 200 ಮಿ.ಗ್ರಾಂ ಅಂದರೆ ಮೈಯ ಮೇಲ್ಮೈ ಲೆಕ್ಕದಲ್ಲಿ ಮನುಷ್ಯರಿಗೆ 6ರಿಂದ ಗುಣಿಸಿ 37ರಿಂದ ಭಾಗಿಸಬೇಕು, ಕೆ.ಜಿ.ಗೆ ಸುಮಾರು 32 ಮಿ.ಗ್ರಾಂ. 60 ಕೆ.ಜಿ. ಮನುಷ್ಯನಿಗೆ ಹತ್ತಿರಹತ್ತಿರ 2 ಗ್ರಾಂ ಸಾರ. ಶೇ. 10ರ ಇಳುವರಿಯಾದರೆ ದಿನಕ್ಕೆ 20 ಗ್ರಾಂ ಒಣ ಎಲೆ. ಲಿವರ್, ಕಿಡ್ನಿ ಮೇಲೆ ತಿಂಗಳುಗಟ್ಟಲೆ ಏನಾಗುತ್ತದೆ ಅಂತ ನಿಮ್ಮ ಪರೀಕ್ಷೆ ನೋಡಿಯೇ ಇಲ್ಲ. ಹಾಗಾಗಿ "ಕುಡಿಯಬೇಡಿ" ಅನ್ನುವುದೇ ಉತ್ತರ.

ಅಜ್ಜಿಗೆ ಫಲಿತಾಂಶ ಹೇಳಿದಾಗ ಅವರು ಕೇಳಿದ್ದು ಬೇರೆ. "ನಾವೇನು ಕುಡೀತೀವಾ? ಮೈ ಮೇಲೆ ಹುಯ್ಕತೀವಿ." ಅದೂ ಸರಿಯೇ. ಇಲಿ ಕುಡಿದದ್ದಕ್ಕೂ ಅಜ್ಜಿಯ ಸ್ನಾನಕ್ಕೂ ನೇರ ಸಂಬಂಧ ಇಲ್ಲ. ಮುಂದಿನ ಹುಡುಗರಿಗೆ ಆ ಕೆಲಸ ಕೊಟ್ಟೆ: ಸಾರವನ್ನು ಮುಲಾಮಿನಲ್ಲಿ ಕಲಸಿ ಊದಿದ ಕಾಲಿಗೆ ಹಚ್ಚುವುದು, ಹೋಲಿಕೆಗೆ ಡೈಕ್ಲೊಫೆನಾಕ್ ಜೆಲ್. ಜೊತೆಗೆ ಸೊಪ್ಪಿಲ್ಲದ ಖಾಲಿ ಮುಲಾಮನ್ನು ಅಷ್ಟೇ ಹೊತ್ತು, ಅಷ್ಟೇ ಒತ್ತಿ ತಿಕ್ಕಿದ ಒಂದು ಗುಂಪು, ಏನೂ ಹಚ್ಚದೆ ಮುಟ್ಟದೆ ಬಿಟ್ಟ ಇನ್ನೊಂದು ಗುಂಪು. ತಿಕ್ಕಿದ್ದಕ್ಕೇ ಊತ ಇಳಿಯಬಹುದಲ್ಲ.